ಪ್ರತಿಕಾಯದ ತೋಳು ಮೇಲೋ, ಕೆಳಗೋ?

ರೋಗಪತ್ತೆ ಕಿಟ್‌ಗಳ ಬಗ್ಗೆ ಎಲ್ಲೇ ಓದಿ, ಅದೇ ಚಿತ್ರ. ಕೆಳಗೆ ಕಿಟ್‌ನ ಮೇಲ್ಮೈಯನ್ನು ತೋರಿಸುವ ಒಂದು ಗೆರೆ, ಮೇಲೆ ಕವೆಗೋಲಿನಂಥ ಪ್ರತಿಕಾಯಗಳು (ಆ್ಯಂಟಿಬಾಡಿ, ಅಂದರೆ ನಿರ್ದಿಷ್ಟ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್‌ಗಳು) ಒಂಟಿ ಕಾಲಲ್ಲಿ, ಎರಡೂ ತೋಳೆತ್ತಿ ಸಾಲಾಗಿ ನಿಂತಿರುತ್ತವೆ. ಈ ಚಿತ್ರದ ಮೇಲೆ ನನಗೆ ತಕರಾರಿದೆ. ಪ್ಲಾಸ್ಟಿಕ್ಕಿನ ಮೇಲೆ ಸುಮ್ನೆ ಬಿಟ್ಟ ಪ್ರತಿಕಾಯಗಳು ಹೀಗೆ ಶಿಸ್ತಾಗಿ ನಿಲ್ಲುವುದಿಲ್ಲ. ಕೆಲವು ಅಡ್ಡ ಬೀಳುತ್ತವೆ, ಕೆಲವು ತಲೆಕೆಳಗಾಗುತ್ತವೆ. ವೈರಸ್ಸನ್ನೋ ಹಾರ್ಮೋನನ್ನೋ ಹಿಡಿಯುವ ಜಾಗ ಇರುವುದು ತೋಳಿನ ತುದಿಯಲ್ಲಿ ಅಲ್ವಾ? ಅದೇ ಮೇಲ್ಮೈಗೆ ಕಚ್ಚಿಕೊಂಡರೆ ಆ ಅಣು ಇದ್ದೂ ಇಲ್ಲದ ಹಾಗೆ.

ತೋಳು ಬೇರೆ, ಕಾಲು ಬೇರೆ ಅನ್ನುವುದು ಹಳೆಯ ಸಂಗತಿ. 1959ರಲ್ಲಿ ಬ್ರಿಟಿಷ್ ವಿಜ್ಞಾನಿ ರಾಡ್ನಿ ಪೋರ್ಟರ್ ಪಪ್ಪಾಯಿಯ ಕಿಣ್ವದಿಂದ ಪ್ರತಿಕಾಯವನ್ನು ತುಂಡು ಮಾಡಿದರು. ಕೆಲವು ತುಂಡು, ಅಂದರೆ ತೋಳುಗಳು, ಪ್ರತಿಜನಕವನ್ನು (ಪ್ರತಿಕಾಯ ಗುರುತಿಸುವ ವಸ್ತುವನ್ನು) ಹಿಡಿದವು, ಒಂದು ಬಗೆಯದು, ಅಂದರೆ ಕಾಲು, ಹಿಡಿಯಲಿಲ್ಲ. 1972ರಲ್ಲಿ ಜೆರಾಲ್ಡ್ ಎಡೆಲ್‌ಮನ್ ಜೊತೆ ಅವರಿಗೆ ನೊಬೆಲ್ ಬಂತು.

ಈ ತುಂಡುಗಳ ವಿದ್ಯುತ್ ಚಾರ್ಜ್ ಕೂಡ ಒಂದೇ ಥರ ಇರುವುದಿಲ್ಲ. ಒಟ್ಟು ಲೆಕ್ಕ ಸೊನ್ನೆಯಾದರೂ ತೋಳಿನ ಕಡೆ ಧನ, ಕಾಲಿನ ಕಡೆ ಋಣ ಜಾಸ್ತಿ ಇರಬಹುದು. ಅಂಥ ಅಣು ಧನ ಚಾರ್ಜಿನ ಮೇಲ್ಮೈಗೆ ಹತ್ತಿರವಾದರೆ ಕಾಲು ಕೆಳಗಾಗಿ ತಿರುಗುತ್ತದೆ, ಋಣ ಚಾರ್ಜಿನದ್ದಾದರೆ ಉಲ್ಟಾ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಗರ್ಭಧಾರಣೆಯ ಹಾರ್ಮೋನ್ ಎಚ್‌ಸಿಜಿಯನ್ನು ಹಿಡಿಯುವ ಪ್ರತಿಕಾಯವನ್ನು ಎರಡು ಬಗೆಯ ಪದರದ ಮೇಲೆ ಕೂರಿಸಿ ನೋಡಿದರು. ಧನ ಚಾರ್ಜಿನ ಅಮೈನ್ ಪದರದ ಮೇಲೆ ಕೂತದ್ದು, ಋಣ ಚಾರ್ಜಿನ ಕಾರ್ಬಾಕ್ಸಿಲ್ ಪದರದ ಮೇಲಿನದಕ್ಕಿಂತ ಜಾಸ್ತಿ ಹಾರ್ಮೋನ್ ಹಿಡಿಯಿತು.

ನನಗೆ ತುಂಬಾ ಇಷ್ಟವಾದದ್ದು ಇದರಲ್ಲಿ ಉಪ್ಪಿನ ಆಟ. ನೀರಿನಲ್ಲಿ ಉಪ್ಪಿದ್ದರೆ ಅದರ ಅಯಾನುಗಳು (ಚಾರ್ಜ್ ಇರುವ ಕಣಗಳು) ಮೇಲ್ಮೈಯ ಚಾರ್ಜನ್ನು ಮುತ್ತಿಕೊಂಡು ಮರೆಮಾಡುತ್ತವೆ. ರಕ್ತದಲ್ಲಿರುವಷ್ಟು ಉಪ್ಪಿದ್ದರೆ ಆ ಚಾರ್ಜಿನ ಸೆಳೆತ ಸುಮಾರು 0.8 ನ್ಯಾನೋಮೀಟರ್ ದೂರದಲ್ಲೇ ಸೊರಗುತ್ತದೆ. ಉಪ್ಪನ್ನು ಒಂದು ಮಿಲಿಮೋಲಾರ್‌ಗೆ, ಅಂದರೆ ಅದರ ಸುಮಾರು ನೂರೈವತ್ತರಲ್ಲೊಂದು ಪಾಲಿಗೆ ಇಳಿಸಿದರೆ ಅದೇ ಸೆಳೆತ ಸುಮಾರು 10 ನ್ಯಾನೋಮೀಟರ್‌ವರೆಗೆ ಚಾಚುತ್ತದೆ. ಪ್ರತಿಕಾಯದ ಉದ್ದವೇ ಹೆಚ್ಚುಕಡಿಮೆ 15 ನ್ಯಾನೋಮೀಟರ್! ಅಂದರೆ ತೆಳು ಉಪ್ಪಿನಲ್ಲಿ ಅಣುವಿಗೆ ಮುಟ್ಟುವ ಮೊದಲೇ ಸೆಳೆತ ತಾಗುತ್ತದೆ, ತಿರುಗಿಕೊಳ್ಳಲು ಅವಕಾಶ ಸಿಗುತ್ತದೆ. ಉಪ್ಪು ಜಾಸ್ತಿಯಾದರೆ ಅದು ಕುರುಡಾಗಿ ಬಂದು ಬೀಳುತ್ತದೆ. ಆಮೇಲೆ ಹತ್ತಿರದಲ್ಲಷ್ಟೇ ಕೆಲಸ ಮಾಡುವ ಬಲಗಳು ಬಿದ್ದ ಭಂಗಿಯಲ್ಲೇ ಅದನ್ನು ಹಿಡಿದಿಡುತ್ತವೆ, ಮತ್ತೆ ತಿರುಗುವುದು ಕಷ್ಟ.

ಹಾಗಂತ ಎಲ್ಲದಕ್ಕೂ ಧನ ಮೇಲ್ಮೈಯೇ ಸರಿ ಎನ್ನುವಂತಿಲ್ಲ. ಪ್ರತಿಕಾಯದಿಂದ ಪ್ರತಿಕಾಯಕ್ಕೆ ಚಾರ್ಜಿನ ಹಂಚಿಕೆ ಬೇರೆ. ಪಿಎಚ್, ಅಂದರೆ ದ್ರಾವಣದ ಆಮ್ಲೀಯತೆಯ ಅಳತೆ, ಬದಲಾದರೆ ಅದೂ ಬದಲಾಗುತ್ತದೆ. ಇನ್ನು ಜಾಗ ಕಿಕ್ಕಿರಿದರೆ, ಮಲಗಲು ಎಡೆಯಿಲ್ಲದೆ ಎಷ್ಟೋ ಅಣುಗಳು ನಿಂತೇ ಅಂಟಿಕೊಳ್ಳುತ್ತವೆ, ಅದೂ ತೋಳು ಮೇಲೆ ಮಾಡಿಯೇ ಅಂತೇನಿಲ್ಲ.