ಎ.ಎಂ. ಸ್ಟೇಷನ್ ಮಾರಾಟಕ್ಕಿದೆ: ಕೊಂಡವರ ಕೈಗೆ ನಿಜಕ್ಕೂ ಬರುವುದೇನು?

ಅಮೆರಿಕದ ಸಣ್ಣ ಊರುಗಳ ಎ.ಎಂ. ರೇಡಿಯೊ ಸ್ಟೇಷನ್‌ಗಳು ಈಗ ಸಾಧಾರಣ ಮನೆಯ ಬೆಲೆಗಿಂತ ಕಡಿಮೆಗೂ ಮಾರಾಟವಾಗುತ್ತವೆ. ಎಷ್ಟೋ ಸಲ ಮಾರಾಟದ ಸುದ್ದಿ ಹೊರಬೀಳುವ ಹೊತ್ತಿಗೆ ಪ್ರಸಾರ ನಿಂತು ತಿಂಗಳುಗಳೇ ಕಳೆದಿರುತ್ತವೆ. ಹೊಸಬರು ಬಂದರೆ ಸ್ಟೇಷನ್ ಮತ್ತೆ ಶುರುವಾದೀತೇ ಎಂದು ಊರಿನವರು ಕೇಳುತ್ತಾರೆ. ಅದಕ್ಕೆ ಉತ್ತರ ಬೇಕಿದ್ದರೆ ಖರೀದಿ ಕರಾರಿನಲ್ಲಿ ಜಮೀನಿನ ಬಗ್ಗೆ ಏನು ಬರೆದಿದೆ ಎಂದು ಮೊದಲು ನೋಡಬೇಕು. ಲೈಸೆನ್ಸ್ ಸಿಕ್ಕು ಟವರಿನ ನೆಲ ಸಿಗದಿದ್ದರೆ ಕೈಗೆ ಬಂದದ್ದು ಬರೀ ಕಾಗದ.

ಈ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. ಅಲ್ಲಿನ ಮೀಡಿಯಂ ವೇವ್‌ನಲ್ಲಿ, ಅಂದರೆ ಎ.ಎಂ. ಪ್ರಸಾರದ ತರಂಗಪಟ್ಟಿಯಲ್ಲಿ, ಆರು ಕಂಪನಾಂಕಗಳು ಊರಮಟ್ಟದ ಸ್ಟೇಷನ್‌ಗಳಿಗೇ ಮೀಸಲು: 1230, 1240, 1340, 1400, 1450 ಮತ್ತು 1490 ಕಿಲೋಹರ್ಟ್ಸ್. ಗರಿಷ್ಠ ಶಕ್ತಿ 1 ಕಿಲೋವ್ಯಾಟ್. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಪ್ರಸಾರ 200 ಕಿಲೋವ್ಯಾಟಿನದು ಎಂದರೆ ವ್ಯತ್ಯಾಸ ತಿಳಿದೀತು. ಎರಡನೇ ಮಹಾಯುದ್ಧ ಮುಗಿದ ಐದು ವರ್ಷಗಳಲ್ಲಿ ಸ್ಟೇಷನ್‌ಗಳ ಸಂಖ್ಯೆ ಇಮ್ಮಡಿಗೂ ಮೀರಿ ಬೆಳೆಯಿತು. ಇಂದು ಈ ಆರರಲ್ಲಿ ಒಂದೊಂದರ ಮೇಲೂ ನೂರಕ್ಕೂ ಹೆಚ್ಚು ಸ್ಟೇಷನ್‌ಗಳಿವೆ. ಹಗಲಿನಲ್ಲಿ ಊರು ಮತ್ತು ಸುತ್ತಲ ಹಳ್ಳಿಗಳಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಹೊತ್ತು ಮುಳುಗಿ, ಹಗಲಿನಲ್ಲಿ ಈ ಅಲೆಗಳನ್ನು ಹೀರಿಕೊಳ್ಳುವ ಅಯಾನುಗೋಳದ (ಮೇಲಿನ ವಾತಾವರಣದ) ಡಿ ಪದರ ಕರಗಿತೆಂದರೆ ದೂರದೂರದ ಅಲೆಗಳೆಲ್ಲ ಮೇಲಿನಿಂದ ಪ್ರತಿಫಲಿಸಿ ಬಂದು ಒಂದರ ಮೇಲೊಂದು ಬೀಳುತ್ತವೆ. ಊರಿಂದ ಸ್ವಲ್ಪ ಆಚೆ ಹೋದರೂ ಆಗ ಬರೀ ಗದ್ದಲ.

1978ರ ಹೊತ್ತಿಗೆ ಎಫ್.ಎಂ. ಕೇಳುಗರ ಸಂಖ್ಯೆ ಎ.ಎಂ.ನದನ್ನು ದಾಟಿತು. ಸಂಗೀತ ಎಫ್.ಎಂ.ಗೆ ಹೋಯಿತು, ಎ.ಎಂ.ಗೆ ಮಾತು ಉಳಿಯಿತು. 1996ರ ದೂರಸಂಪರ್ಕ ಕಾಯ್ದೆ ಒಬ್ಬರೇ ದೇಶದಾದ್ಯಂತ ಎಷ್ಟು ಸ್ಟೇಷನ್ ಬೇಕಾದರೂ ಇಟ್ಟುಕೊಳ್ಳಬಹುದು ಎಂದಿತು, ಜಾಹೀರಾತಿನ ಹಣ ದೊಡ್ಡ ಕಂಪನಿಗಳ ಕಡೆ ಹರಿಯಿತು. ಮನೆಯೊಳಗಿನ ಎಲ್‌ಇಡಿ ದೀಪ, ಚಾರ್ಜರ್, ವಿದ್ಯುತ್ ವಾಹನದ ಇನ್ವರ್ಟರ್ ಎಲ್ಲವೂ ಇದೇ ತರಂಗಪಟ್ಟಿಯಲ್ಲಿ ಗುಂಯ್‌ಗುಡುತ್ತವೆ.

ಅಷ್ಟರಲ್ಲಿ ಟವರಿನ ಕೆಳಗಿನ ನೆಲಕ್ಕೆ ಪ್ರಸಾರಕ್ಕಿಂತ ಹೆಚ್ಚು ಬೆಲೆ ಬಂತು. ವಾಷಿಂಗ್ಟನ್ ಹತ್ತಿರ ಬೆಥೆಸ್ಡಾದಲ್ಲಿ ಡಬ್ಲ್ಯುಎಂಎಎಲ್ ಸ್ಟೇಷನ್ನಿನ 75 ಎಕರೆ ಟವರ್ ಜಾಗ 7 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಮನೆ ಕಟ್ಟುವ ಕಂಪನಿಯ ಪಾಲಾಯಿತು. 2020ರ ನವೆಂಬರಿನಲ್ಲಿ ಟವರ್‌ಗಳನ್ನು ಸ್ಫೋಟಿಸಿ ಉರುಳಿಸಿದರು. ದೊಡ್ಡ ಸ್ಟೇಷನ್ ಬೇರೊಬ್ಬರ ಟವರ್ ಹಂಚಿಕೊಂಡು ಬದುಕಬಹುದು. ಸಣ್ಣ ಊರಿನಲ್ಲಿ ಹಂಚಿಕೊಳ್ಳಲು ಇನ್ನೊಂದು ಎ.ಎಂ. ಟವರೇ ಇರುವುದಿಲ್ಲ.

ಆ ನೆಲ ಯಾಕೆ ಅಷ್ಟು ಮುಖ್ಯ? 1240 ಕಿಲೋಹರ್ಟ್ಸಿನ ಅಲೆಯ ಉದ್ದ ಸುಮಾರು 242 ಮೀಟರ್. ಅದರ ಕಾಲುಭಾಗ 60 ಮೀಟರ್, ಅಂದರೆ ಹೆಚ್ಚುಕಡಿಮೆ 200 ಅಡಿ. ಎ.ಎಂ.ನಲ್ಲಿ ಟವರ್ ಆಂಟೆನಾವನ್ನು ಹೊತ್ತು ನಿಂತದ್ದಲ್ಲ, ಟವರೇ ಆಂಟೆನಾ. ಬುಡದಲ್ಲಿ ಪಿಂಗಾಣಿ ಇನ್ಸುಲೇಟರ್ ಮೇಲೆ ನಿಂತಿರುತ್ತದೆ. ಆಂಟೆನಾದ ಉಳಿದರ್ಧ ಮಣ್ಣಿನಡಿ ಇರುತ್ತದೆ: ಮೂರು ಡಿಗ್ರಿಗೊಂದರಂತೆ ಸುತ್ತಲೂ ಹರಡಿದ 120 ತಾಮ್ರದ ತಂತಿಗಳು, ಒಂದೊಂದೂ 60 ಮೀಟರ್. ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೀನ್ ಎಂಬ ಎಂಜಿನಿಯರ್‌ಗಳು 1937ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಈ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ. ಒಟ್ಟು 7.2 ಕಿಲೋಮೀಟರ್ ತಂತಿ. 10 ಗೇಜಿನದಾದರೆ ತೂಕ ಸುಮಾರು 340 ಕೆ.ಜಿ. ಆವರಿಸುವ ನೆಲ 2.8 ಎಕರೆ.

ಕೊಳ್ಳುವವರು ಟ್ರಾನ್ಸ್‌ಮಿಟರ್ ನೋಡಿ ಸಮಾಧಾನಪಡುತ್ತಾರೆ. ಅದು ಕೆಟ್ಟರೆ ಇನ್ನೊಂದು ತರಬಹುದು. ಕಷ್ಟವಿರುವುದು ಮಣ್ಣಿನಡಿಯ ತಾಮ್ರದಲ್ಲಿ. ಕಳ್ಳರು ಕಿತ್ತೊಯ್ದಿರುತ್ತಾರೆ, ನೇಗಿಲು ಕತ್ತರಿಸಿರುತ್ತದೆ, ಬೆಳ್ಳಿ ಬೆಸುಗೆಯ ಬದಲು ಸೀಸದ ಬೆಸುಗೆ ಹಾಕಿದ ಜೋಡಣೆಗಳು ಮಣ್ಣಿನಲ್ಲಿ ತಿಂದುಹೋಗಿರುತ್ತವೆ. ಇದು ಮೀಟರಿನಲ್ಲಿ ನೇರವಾಗಿ ಕಾಣುವುದೂ ಇಲ್ಲ. ಕಾಲು ಅಲೆಯ ಟವರಿನ ಪ್ರಸರಣ ರೋಧ, ಅಂದರೆ ಅಲೆಯಾಗಿ ಹೊರಹೋಗುವ ಶಕ್ತಿಯ ಲೆಕ್ಕದ ರೋಧ, ಸುಮಾರು 36 ಓಮ್. ನೆಲದ ತಂತಿ ಚೆನ್ನಾಗಿದ್ದು ನಷ್ಟ 4 ಓಮ್ ಇದ್ದರೆ ಬುಡದಲ್ಲಿ ಅಳೆದಾಗ 40 ಓಮ್ ಸಿಗುತ್ತದೆ. 1 ಕಿಲೋವ್ಯಾಟಿಗೆ 5 ಆಂಪಿಯರ್ ಹರಿಯುತ್ತದೆ, 900 ವ್ಯಾಟ್ ಗಾಳಿಗೆ ಹೋಗುತ್ತದೆ. ತಂತಿ ಹಾಳಾಗಿ ಬುಡದಲ್ಲಿ ಅಳೆದ ರೋಧ 60 ಓಮಿಗೆ ಏರಿತೆನ್ನಿ. ಟ್ರಾನ್ಸ್‌ಮಿಟರ್ ಆಗಲೂ 1 ಕಿಲೋವ್ಯಾಟ್ ಎಂದೇ ತೋರಿಸುತ್ತದೆ. ಬುಡದ ಕರೆಂಟ್ ಮಾತ್ರ 4.1 ಆಂಪಿಯರಿಗೆ ಇಳಿದಿರುತ್ತದೆ, ಪ್ರಸಾರವಾಗುವುದು 600 ವ್ಯಾಟ್, ಉಳಿದದ್ದು ಮಣ್ಣು ಕಾಯಿಸುತ್ತದೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ಲೈಸೆನ್ಸಿನಲ್ಲಿ ನಮೂದಾದ ರೋಧವನ್ನು ಟವರಿನ ಬುಡದಲ್ಲಿ ಇಂಪೀಡೆನ್ಸ್ ಬ್ರಿಡ್ಜ್ ಎಂಬ ಅಳತೆಯ ಉಪಕರಣ ಇಟ್ಟು ಅಳೆದ ರೋಧದೊಂದಿಗೆ ತಾಳೆ ನೋಡಬೇಕು. ಜಾಸ್ತಿ ಬಂದರೆ ಕಡಿಮೆ ಶಕ್ತಿಯಲ್ಲಿ ಪ್ರಸಾರ ಹಾಕಿ ಒಂದೊಂದೇ ತಂತಿಯ ಕರೆಂಟ್ ಪರೀಕ್ಷಿಸಿದರೆ ಎಲ್ಲಿ ತುಂಡಾಗಿದೆ ಎಂದು ಗೊತ್ತಾಗುತ್ತದೆ. ಇನ್ಸುಲೇಟರಿನ ಬಿರುಕು, ಬೇಲಿಯೊಳಗೆ ಟವರಿಗೆ ತಾಗುವಂತೆ ಬೆಳೆದ ಗಿಡಗಂಟಿ ಇವನ್ನೂ ಅದೇ ದಿನ ನೋಡಿಬಿಡಬೇಕು.

ನೆಲದಷ್ಟೇ ಬಿಗಿಯಾದದ್ದು ಕಾಲದ ಗಡುವು. ಪ್ರಸಾರ ನಿಂತ ಹತ್ತು ದಿನದೊಳಗೆ ಲೈಸೆನ್ಸ್ ಕೊಡುವ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನಿಗೆ, ಅಂದರೆ ಎಫ್‌ಸಿಸಿಗೆ, ತಿಳಿಸಬೇಕು. 30 ದಿನ ಮೀರುವುದಾದರೆ ಮೌನವಾಗಿರಲು ತಾತ್ಕಾಲಿಕ ಅನುಮತಿ ಬೇಕು. ಸತತ 12 ತಿಂಗಳು ಪ್ರಸಾರವಿಲ್ಲದಿದ್ದರೆ ಲೈಸೆನ್ಸ್ ತಾನಾಗಿಯೇ ರದ್ದು. ಇದೂ 1996ರ ಕಾಯ್ದೆಯದೇ. 2004ರ ತಿದ್ದುಪಡಿಯಿಂದ ನ್ಯಾಯದ ದೃಷ್ಟಿಯಿಂದ ವಿನಾಯಿತಿ ಕೊಡಲು ಅವಕಾಶವಾಯಿತು, ಆದರೆ ಅದು ಸಿಗುವುದು ತೀರಾ ಅಪರೂಪ. ಅನುಮತಿಯಿಲ್ಲದ ಜಾಗದಿಂದ ಮಾಡಿದ ಪ್ರಸಾರ ಲೆಕ್ಕಕ್ಕಿಲ್ಲ ಎಂಬ ನಿಲುವನ್ನು 2009ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು. ಹೊಸ ಟವರಿಗೆ ಸಿಗುವ ನಿರ್ಮಾಣ ಪರವಾನಗಿಗೆ ಮೂರು ವರ್ಷ ಅವಧಿ ಇದೆ, ನಿಜ. ಆದರೆ ಅದು 12 ತಿಂಗಳ ಗಡುವನ್ನು ತಡೆಯುವುದಿಲ್ಲ. ಮಾಲೀಕರು ಬದಲಾದರೂ ಲೆಕ್ಕ ಮೊದಲಿಂದ ಶುರುವಾಗುವುದಿಲ್ಲ.

ಮಾರಾಟಕ್ಕೆ ಹಿಡಿಯುವ ಸಮಯವನ್ನೂ ಇದರೊಳಗೇ ಹೊಂದಿಸಬೇಕು. ಕರಾರಿಗೆ ಸಹಿಯಾದ ಮೇಲೆ ಲೈಸೆನ್ಸ್ ವರ್ಗಾವಣೆಗೆ ಎಫ್‌ಸಿಸಿಯ ಶೆಡ್ಯೂಲ್ 314 ಅರ್ಜಿ, ಸಾರ್ವಜನಿಕ ಪ್ರಕಟಣೆ, ತಕರಾರಿಗೆ 30 ದಿನ, ಆಮೇಲೆ ಒಪ್ಪಿಗೆ. ಒಪ್ಪಿಗೆ ಸಿಕ್ಕ 90 ದಿನದೊಳಗೆ ವ್ಯವಹಾರ ಮುಗಿಯಬೇಕು. ಹತ್ತು ತಿಂಗಳು ಮೌನವಾಗಿದ್ದ ಸ್ಟೇಷನ್ನನ್ನು ಹೀಗೆ ಕೊಂಡರೆ ಬೀಗದ ಕೈ ಸಿಗುವ ಹೊತ್ತಿಗೆ ಲೈಸೆನ್ಸೇ ಇರದಿರಬಹುದು. ಒಪ್ಪಿಗೆಗೆ ಕಾಯುವಾಗಲೇ ಮಾರುವವರು ತಮ್ಮ ಹೆಸರಿನಲ್ಲಿ, ತಮ್ಮ ಹತೋಟಿಯಲ್ಲಿ ಪ್ರಸಾರ ಶುರುಮಾಡಬೇಕೆಂದು ಕರಾರಿನಲ್ಲೇ ಬರೆಸಿಕೊಳ್ಳುವುದು ಕ್ಷೇಮ. ಟವರ್ ಹಾನಿಯಾಗಿದ್ದರೆ ತಂತಿಯೆಳೆದು ಮಾಡಿದ ತುರ್ತು ಆಂಟೆನಾ ಬಳಸಬಹುದು. ಎಫ್‌ಸಿಸಿಗೆ 24 ಗಂಟೆಯೊಳಗೆ ಕೋರಿಕೆ ಹೋಗಬೇಕು.

ಎ.ಎಂ. ಕಾರ್ಯಕ್ರಮವನ್ನೇ 250 ವ್ಯಾಟ್ ಮೀರದ ಎಫ್.ಎಂ. ಟ್ರಾನ್ಸ್‌ಲೇಟರಿನಲ್ಲೂ, ಅಂದರೆ ಮರುಪ್ರಸಾರದ ಸಣ್ಣ ಕೇಂದ್ರದಲ್ಲೂ, ಹಾಕಬಹುದು ಎಂದು ಎಫ್‌ಸಿಸಿ 2009ರಲ್ಲೇ ಒಪ್ಪಿತ್ತು; 2015ರಲ್ಲಿ ಎ.ಎಂ. ಪುನಶ್ಚೇತನ ಎಂದು ಈ ದಾರಿಯನ್ನು ಇನ್ನಷ್ಟು ಅಗಲ ಮಾಡಿತು. ಎಷ್ಟೋ ಸ್ಟೇಷನ್‌ಗಳು ಉಳಿದದ್ದು ಇದರಿಂದಲೇ. ಹೀಗಾಗಿ ಈಗ ಕೊಳ್ಳುವವರ ಕಣ್ಣು ಟ್ರಾನ್ಸ್‌ಲೇಟರಿನ ಮೇಲೆ. ಆದರೆ ಎ.ಎಂ. ನಿಂತರೆ ಅದೂ ನಿಲ್ಲಬೇಕು. ಅಲಬಾಮಾದ ಜಾಸ್ಪರ್ ಊರಿನ ಡಬ್ಲ್ಯುಜೆಎಲ್‌ಎಕ್ಸ್, 1240 ಕಿಲೋಹರ್ಟ್ಸ್, 2024ರ ಫೆಬ್ರವರಿಯಲ್ಲಿ ತನ್ನ 200 ಅಡಿ ಟವರೇ ಕಳುವಾಗಿದೆ ಎಂದು ದೂರಿತು. ಎಫ್.ಎಂ.ನಲ್ಲಾದರೂ ಮುಂದುವರಿಯುತ್ತೇವೆ ಎಂಬ ಕೋರಿಕೆಯನ್ನು ಎಫ್‌ಸಿಸಿ ಒಪ್ಪಲಿಲ್ಲ. ಎ.ಎಂ. ಸ್ಟೇಷನ್‌ಗಳಿಗೆಂದೇ 2017ರಿಂದ ಆಚೆಗೆ ಹಂಚಿದ ಹೊಸ ಟ್ರಾನ್ಸ್‌ಲೇಟರ್‌ಗಳನ್ನು ಬೇರ್ಪಡಿಸಿ ಮಾರುವಂತೆಯೂ ಇಲ್ಲ.

ಅಲ್ಲಿರುವ ಕನ್ನಡಿಗರು ಸೇರಿ ಸ್ಟೇಷನ್ ಕೊಳ್ಳೋಣ ಎಂದು ಹೊರಟರೆ ಇನ್ನೊಂದು ಕಾನೂನು ಎದುರಾಗುತ್ತದೆ. ಲೈಸೆನ್ಸ್ ಹೊಂದಿದ ಸಂಸ್ಥೆಯಲ್ಲಿ ಅಮೆರಿಕದ ಪೌರರಲ್ಲದವರ ನೇರ ಪಾಲು ಶೇ 20 ಮೀರುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರೂ ಈ ಲೆಕ್ಕದಲ್ಲಿ ಹೊರಗಿನವರೇ. ಸ್ಯಾನ್ ಹೋಸೆಯ 1170 ಕಿಲೋಹರ್ಟ್ಸಿನ ಕೆಎಲ್‌ಓಕೆ ದಕ್ಷಿಣ ಏಷ್ಯಾದ ಕೇಳುಗರಿಗಾಗಿ ಪ್ರಸಾರ ಮಾಡಿದ ಉದಾಹರಣೆ ಇದೆ. ಹಾಗೆ ಇರುವ ಸ್ಟೇಷನ್ನಿನಲ್ಲಿ ಗಂಟೆಗಿಷ್ಟು ಎಂದು ಸಮಯ ಬಾಡಿಗೆಗೆ ಪಡೆಯಲು ಪೌರತ್ವದ ಅಡ್ಡಿಯಿಲ್ಲ. ಬಾಡಿಗೆಗೆ ಹೋಗುವವರೂ ಟವರ್ ಜಾಗದ ಗುತ್ತಿಗೆ ಯಾವಾಗ ಮುಗಿಯುತ್ತದೆ, ಕಳೆದ ಎರಡು ವರ್ಷಗಳಲ್ಲಿ ಪ್ರಸಾರ ಎಷ್ಟು ದಿನ ನಿಂತಿತ್ತು ಎಂಬ ಎರಡು ಕಾಗದಗಳನ್ನು ಕೇಳಿ ಪಡೆದ ಮೇಲೆಯೇ ಸಹಿ ಹಾಕಬೇಕು.