ಬಾಲಸ್ಸಾ–ಸ್ಯಾಮುಯೆಲ್ಸನ್ ಪರಿಣಾಮ: ಅಲ್ಲಿ ಕಟಿಂಗ್ ಯಾಕೆ ದುಬಾರಿ?

ಅಮೆರಿಕದಲ್ಲಿರುವ ಎಷ್ಟೋ ಜನ ಕನ್ನಡಿಗರು ರಜೆಗೆ ಊರಿಗೆ ಬಂದಾಗಲೇ ಕಟಿಂಗ್ ಮಾಡಿಸಿಕೊಳ್ಳುತ್ತಾರೆ. ಅಲ್ಲಿ 30 ಡಾಲರ್, ಇಲ್ಲಿ 120 ರೂಪಾಯಿ ಎಂದುಕೊಳ್ಳಿ. ಡಾಲರಿಗೆ 90 ರೂಪಾಯಿ ಹಿಡಿದರೆ ಅಲ್ಲಿಯದು 2,700 ರೂಪಾಯಿ ಆಯಿತು. ಅದೇ ಕತ್ತರಿ, ಅದೇ ಬಾಚಣಿಗೆ, ಅದೇ ಅರ್ಧ ಗಂಟೆ. ನಮ್ಮೂರಲ್ಲಿ ಕೊನೆಗೆ ತಲೆಯನ್ನೂ ಒಂದಿಷ್ಟು ತಟ್ಟಿ ಕಳಿಸುತ್ತಾರೆ. ಮತ್ತೆ 20 ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಯಾಕೆ?

ಬೇಲಾ ಬಾಲಸ್ಸಾ ಮತ್ತು ಪಾಲ್ ಸ್ಯಾಮುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು 1964ರಲ್ಲಿ ಬೇರೆ ಬೇರೆಯಾಗಿ ಬರೆದು ಇದಕ್ಕೆ ಉತ್ತರ ಕೊಟ್ಟರು. ಅವರಿಬ್ಬರ ಹೆಸರೇ ಈ ಪದಕ್ಕೆ ಬಂದಿದೆ.

ಫೋನು, ಉಕ್ಕು, ಬಟ್ಟೆಯಂಥವು ಹಡಗು ಹತ್ತುತ್ತವೆ. ಒಂದು ಕಡೆ ತೀರಾ ಅಗ್ಗವಾದರೆ ವ್ಯಾಪಾರಿಗಳು ಅಲ್ಲಿ ಕೊಂಡು ಇನ್ನೊಂದು ಕಡೆ ಮಾರುತ್ತಾರೆ. ಹಾಗಾಗಿ ಸಾಗಾಣಿಕೆ, ತೆರಿಗೆ ಬಿಟ್ಟರೆ ಬೆಲೆ ಹೆಚ್ಚುಕಮ್ಮಿ ಒಂದೇ. ಕಟಿಂಗ್, ಮನೆಪಾಠ, ಮನೆಗೆಲಸ ಹಡಗು ಹತ್ತುವುದಿಲ್ಲ.

ಶ್ರೀಮಂತ ದೇಶದ ಫ್ಯಾಕ್ಟರಿಯಲ್ಲಿ ಒಳ್ಳೆಯ ಯಂತ್ರ, ತಪ್ಪದ ಕರೆಂಟು ಇರುತ್ತವೆ. ಒಬ್ಬ ಕೆಲಸಗಾರನಿಂದ ಗಂಟೆಗೆ ಜಾಸ್ತಿ ಮಾಲು ಹೊರಬರುತ್ತದೆ, ಸಂಬಳವೂ ಏರುತ್ತದೆ. ಅದೇ ಊರಿನ ಕ್ಷೌರಿಕನಿಗೆ ಅದರ ಆಸುಪಾಸಿನ ದುಡಿಮೆ ಸಿಗದಿದ್ದರೆ ಅವನು ಕತ್ತರಿ ಬದಿಗಿಟ್ಟು ಫ್ಯಾಕ್ಟರಿ ಸೇರುತ್ತಾನೆ. ಹಾಗಾಗಿ ಕಟಿಂಗ್ ದರ ಏರಲೇಬೇಕು, ಅವನ ಕೈಚಳಕ ಚೂರೂ ಹೆಚ್ಚದಿದ್ದರೂ. ನನಗೆ ಇದೇ ಮುಖ್ಯ ಅನ್ನಿಸುವುದು. ನಮ್ಮೂರಿನವರ ದರ ಕಡಿಮೆ ಇರುವುದು ಕೆಲಸ ಕಡಿಮೆ ಮಟ್ಟದ್ದು ಅಂತಲ್ಲ. ಸುತ್ತಲಿನ ಕೂಲಿಯೇ ಕಡಿಮೆ.

ಇದರಿಂದಾಗಿ ದೇಶಗಳ ಆದಾಯವನ್ನು ಸುಮ್ನೆ ಡಾಲರಿಗೆ ತಿರುಗಿಸಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಪಿಪಿಪಿ, ಅಂದರೆ ಕೊಳ್ಳುವ ಶಕ್ತಿಯ ಲೆಕ್ಕ ಇರುವುದು. 2017ರಲ್ಲಿ ಡಾಲರಿನ ವಿನಿಮಯ ದರ ಸುಮಾರು 65 ರೂಪಾಯಿ. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟನ್ನು ಇಲ್ಲಿ ಕೊಳ್ಳಲು ಸುಮಾರು 20.65 ರೂಪಾಯಿ ಸಾಕಿತ್ತು.

ಹಾಗಂತ ಬಡ ದೇಶದಲ್ಲಿ ಎಲ್ಲವೂ ಸಲೀಸು ಅಂದುಕೊಳ್ಳಬಾರದು. ನಮ್ಮೂರಿನ ಕ್ಷೌರಿಕ 18,000 ರೂಪಾಯಿಯ ಫೋನ್ ಕೊಳ್ಳಬೇಕಾದರೆ 150 ತಲೆಗೆ ಕಟಿಂಗ್ ಮಾಡಬೇಕು. ಅಷ್ಟೇ ಬೆಲೆಯ ಫೋನಿಗೆ ಅಮೆರಿಕದವನಿಗೆ ಏಳು ತಲೆ ಸಾಕು.