ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್‌ನದು, ನಿಮ್ಮ ಪೇಪರಿನದಲ್ಲ

ನಮ್ಮ ಲೈಬ್ರರಿ ಕೌಂಟರಿಗೆ ಬರುವ ಅಧ್ಯಾಪಕರು, ಪಿಎಚ್.ಡಿ. ವಿದ್ಯಾರ್ಥಿಗಳು ಪುಸ್ತಕ ಎಲ್ಲಿದೆ ಅಂತ ಕೇಳುವುದಕ್ಕಿಂತ ಜಾಸ್ತಿ ಈಗ ಇದನ್ನೇ ಕೇಳುತ್ತಾರೆ: "ಈ ಜರ್ನಲ್ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು? ಇದರಲ್ಲಿ ಪೇಪರ್ ಹಾಕಬಹುದಾ?" ತುಮಕೂರಿಗೆ ವಿಶ್ವವಿದ್ಯಾಲಯ ಬಂದು ಎರಡು ದಶಕ ಆಯಿತು. ಇಂಜಿನಿಯರಿಂಗ್ ಕಾಲೇಜುಗಳಿವೆ, ಮೆಡಿಕಲ್ ಕಾಲೇಜುಗಳಿವೆ. ಸಂಶೋಧನೆ ಮಾಡುವವರು ಹೆಚ್ಚಾದ ಹಾಗೆ ಈ ಪ್ರಶ್ನೆಯೂ ಹೆಚ್ಚಾಗಿದೆ. ಒಂದು ಜರ್ನಲ್, ಅಂದರೆ ಸಂಶೋಧನಾ ಪತ್ರಿಕೆ, ಇತ್ತೀಚೆಗೆ ಹಾಕಿದ ಲೇಖನಗಳನ್ನು ಬೇರೆ ಪೇಪರ್‌ಗಳು ಸರಾಸರಿ ಎಷ್ಟು ಸಲ ಉಲ್ಲೇಖಿಸಿವೆ ಅನ್ನುವ ಸಂಖ್ಯೆ ಅದು. ಆದರೆ ಆ ಸಂಖ್ಯೆ ಎಲ್ಲಿಂದ ಬರುತ್ತದೆ, ನಿಜವಾಗಿ ಏನನ್ನು ಅಳೆಯುತ್ತದೆ ಅಂತ ಕೇಳುವವರು ಕಡಿಮೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಪ್ರಶ್ನೆಯ ಹಿಂದೆ ಕೆಲಸ, ಬಡ್ತಿ ಎಲ್ಲಾ ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಗಳು ಪೇಪರಿನ ಅಂಕವನ್ನು ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಏರಿಸುತ್ತವೆ. ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ರೆಫರೀಡ್ (ಪ್ರಕಟಿಸುವ ಮೊದಲು ಲೇಖನವನ್ನು ತಜ್ಞರಿಂದ ಪರಿಶೀಲಿಸುವ) ಜರ್ನಲ್ ಆದರೆ 5 ಅಂಕ. 1ಕ್ಕಿಂತ ಕಡಿಮೆ ಇದ್ದರೆ 10, 1ರಿಂದ 2ಕ್ಕೆ 15, 2ರಿಂದ 5ಕ್ಕೆ 20, 5ರಿಂದ 10ಕ್ಕೆ 25, 10 ದಾಟಿದರೆ 30. ಪೇಪರ್ ಅದೇ, ಪಟ್ಟ ಕಷ್ಟ ಅದೇ, ಜರ್ನಲ್ ಬದಲಾದರೆ 5 ಇದ್ದ ಜಾಗದಲ್ಲಿ 30 ಬರುತ್ತದೆ. ಹಾಗಿರುವಾಗ ಎಲ್ಲರೂ ಆ ಒಂದು ಸಂಖ್ಯೆಯ ಹಿಂದೆ ಓಡುವುದು ಸಹಜವೇ ಅಲ್ವಾ?

ಈ ಲೆಕ್ಕ ಹುಟ್ಟಿದ್ದೇ ಲೈಬ್ರರಿಗಳಿಗೋಸ್ಕರ. 1927ರಲ್ಲಿ ಅಮೆರಿಕದ ಪೊಮೋನಾ ಕಾಲೇಜಿನ ಗ್ರಾಸ್ ಮತ್ತು ಗ್ರಾಸ್ ಎಂಬಿಬ್ಬರು ಒಂದು ಪ್ರಶ್ನೆ ಹಾಕಿಕೊಂಡರು. ಸಣ್ಣ ಕಾಲೇಜಿನ ಹತ್ತಿರ ದುಡ್ಡು ಕಡಿಮೆ. ರಸಾಯನಶಾಸ್ತ್ರದ ಯಾವ ಜರ್ನಲ್‌ಗಳನ್ನು ತರಿಸಿದರೆ ವಿದ್ಯಾರ್ಥಿಗಳಿಗೆ ಉಪಯೋಗ? ಅವರು ಅಮೆರಿಕನ್ ಕೆಮಿಕಲ್ ಸೊಸೈಟಿಯ ಜರ್ನಲ್‌ನ ಒಂದು ವರ್ಷದ ಸಂಪುಟ ತೆಗೆದುಕೊಂಡು, ಅದರ ಲೇಖನಗಳಲ್ಲಿರುವ ರೆಫರೆನ್ಸ್‌ಗಳನ್ನು ಎಣಿಸಿದರು. ಯಾವ ಜರ್ನಲ್ ಹೆಸರು ಹೆಚ್ಚು ಸಲ ಬಂತೋ ಅದನ್ನು ಮೊದಲು ತರಿಸಿ ಅಂದರು. ಆಮೇಲೆ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಇಡೀ ವಿಜ್ಞಾನಕ್ಕೇ ಇಂಥ ಒಂದು ಸೈಟೇಷನ್ (ಉಲ್ಲೇಖ) ಸೂಚಿ ಬೇಕು ಅಂತ ಬರೆದರು. 1960ರ ದಶಕದಲ್ಲಿ ಆ ಸೂಚಿ ಬಂತು. ಅದರಲ್ಲಿ ಯಾವ ಜರ್ನಲ್ ಸೇರಿಸಬೇಕು ಅಂತ ನೋಡುವಾಗ ತೊಡಕೊಂದು ಎದುರಾಯಿತು. ಸುಮ್ನೆ ಸೈಟೇಷನ್ ಎಣಿಸಿದರೆ ಜಾಸ್ತಿ ಲೇಖನ ಹಾಕುವ ದೊಡ್ಡ ಜರ್ನಲ್‌ಗಳೇ ಮೇಲೆ ಬರುತ್ತವೆ, ಸಣ್ಣದಾದರೂ ಒಳ್ಳೆಯ ಜರ್ನಲ್ ಬಿಟ್ಟುಹೋಗುತ್ತದೆ. ಅದಕ್ಕೇ ಗಾರ್ಫೀಲ್ಡ್ ಮತ್ತು ಅರ್ವಿಂಗ್ ಶೇರ್ ಲೇಖನಗಳ ಸಂಖ್ಯೆಯಿಂದ ಭಾಗಿಸಿದರು. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಅದೇ. ಜರ್ನಲ್‌ಗಳನ್ನು ಆರಿಸುವ ಸಾಧನವಾಗಿ ಅದು ಒಳ್ಳೆಯದೇ. ಮನುಷ್ಯರನ್ನು ಆರಿಸುವುದಕ್ಕೆ ಅದನ್ನು ಮಾಡಿರಲಿಲ್ಲ.

ಲೆಕ್ಕ ಹೀಗೆ. ಒಂದು ಜರ್ನಲ್ 2023 ಮತ್ತು 2024ರಲ್ಲಿ ಒಟ್ಟು 80 ಸಂಶೋಧನಾ ಲೇಖನ ಪ್ರಕಟಿಸಿತು ಅಂದುಕೊಳ್ಳಿ. 2025ರಲ್ಲಿ ಬಂದ ಬೇರೆ ಬೇರೆ ಪೇಪರ್‌ಗಳು ಆ ಎರಡು ವರ್ಷದ ಬರಹಗಳನ್ನು ಒಟ್ಟು 120 ಸಲ ಉಲ್ಲೇಖಿಸಿದವು. 120 ಭಾಗಿಸು 80, ಅಂದರೆ 1.5. ಇದು ಆ ಜರ್ನಲ್‌ನ 2025ರ ಇಂಪ್ಯಾಕ್ಟ್ ಫ್ಯಾಕ್ಟರ್. ಆದರೆ ಆ 120ರಲ್ಲಿ 60 ಸೈಟೇಷನ್ ಒಂದೇ ಪೇಪರಿಗೆ ಬಂದಿರಬಹುದು. ಆ ಒಂದನ್ನು ತೆಗೆದರೆ ಉಳಿದ 79 ಲೇಖನಗಳಿಗೆ 60 ಸೈಟೇಷನ್. ಸರಾಸರಿ 0.76ಕ್ಕೆ ಇಳಿಯಿತು. ಇನ್ನೂ ಒಂದು ವಿಷಯ ಇದೆ. ಭಾಗಿಸುವಾಗ ಮೇಲಿನ ಸಂಖ್ಯೆಯಲ್ಲಿ ಸಂಪಾದಕೀಯ, ಪತ್ರಗಳಿಗೆ ಬಂದ ಸೈಟೇಷನ್ನೂ ಸೇರುತ್ತದೆ, ಕೆಳಗಿನ ಸಂಖ್ಯೆಯಲ್ಲಿ ಸಂಶೋಧನಾ ಲೇಖನ ಮತ್ತು ರಿವ್ಯೂ ಮಾತ್ರ.

ಇದು ಬರೀ ಕಾಗದದ ಮೇಲಿನ ಮಾತಲ್ಲ. ಹರಳುಗಳ ರಚನೆಯನ್ನು ಅಧ್ಯಯನ ಮಾಡುವವರ 'ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ' ಜರ್ನಲ್ ನೋಡಿ. 2008ರಲ್ಲಿ ಅದರ ಇಂಪ್ಯಾಕ್ಟ್ ಫ್ಯಾಕ್ಟರ್ 2ರ ಆಸುಪಾಸು. 2009ರಲ್ಲಿ ಒಮ್ಮೆಲೇ 49.9. ಅದರ ಮುಂದಿನ ವರ್ಷ 54. ಕಾರಣ ಒಂದೇ ಒಂದು ಪೇಪರ್. ಜಾರ್ಜ್ ಶೆಲ್‌ಡ್ರಿಕ್ ಅವರು ಶೆಲ್ಎಕ್ಸ್ ಎಂಬ ತಂತ್ರಾಂಶದ ಬಗ್ಗೆ 2008ರಲ್ಲಿ ಬರೆದ ಲೇಖನ. ಆ ತಂತ್ರಾಂಶ ಬಳಸಿದವರೆಲ್ಲ ಅದನ್ನು ಉಲ್ಲೇಖಿಸಿದರು. 2011ಕ್ಕೆ ಆ ಲೇಖನ ಎರಡು ವರ್ಷದ ಕಿಟಕಿಯಿಂದ ಆಚೆ ಹೋಯಿತು, ಸಂಖ್ಯೆ ಮತ್ತೆ 2ಕ್ಕೆ ಬಂತು. ಆ ಎರಡು ವರ್ಷ ಅದೇ ಜರ್ನಲ್‌ನಲ್ಲಿ ಬರೆದ ಉಳಿದವರ ಕೆಲಸ 25 ಪಟ್ಟು ಶ್ರೇಷ್ಠವಾಗಿತ್ತಾ? ಇಲ್ಲ. ಜಿಲ್ಲೆಯ ಸರಾಸರಿ ಮಳೆ ನೋಡಿಕೊಂಡು ಪಾವಗಡದ ಹೊಲ ನೆನೆಯಿತು ಅನ್ನೋಕಾಗುತ್ತಾ? ಇದೂ ಹಾಗೇ. 'ನೇಚರ್' ಪತ್ರಿಕೆಯೇ 2005ರಲ್ಲಿ ಒಪ್ಪಿಕೊಂಡಿತು: ತನ್ನ ಇಂಪ್ಯಾಕ್ಟ್ ಫ್ಯಾಕ್ಟರ್‌ನ ಶೇ. 89 ಭಾಗ ಬಂದದ್ದು ಶೇ. 25 ಪೇಪರ್‌ಗಳಿಂದ.

ವಿಷಯದಿಂದ ವಿಷಯಕ್ಕೂ ಈ ಸಂಖ್ಯೆ ಬೇರೆ. ಗಣಿತದ ಅತ್ಯುತ್ತಮ ಜರ್ನಲ್ ಅಂತ ಎಲ್ಲರೂ ಒಪ್ಪುವ 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಒಂದಂಕಿಯಲ್ಲೇ ಇದೆ. ಕ್ಯಾನ್ಸರ್ ವೈದ್ಯರ ಒಂದು ಜರ್ನಲ್ 500 ದಾಟಿದ್ದೂ ಉಂಟು. ಗಣಿತದವರು ಕಡಿಮೆ ಉಲ್ಲೇಖಿಸುತ್ತಾರೆ, ನಿಧಾನವಾಗಿ ಉಲ್ಲೇಖಿಸುತ್ತಾರೆ. ಈ ಎರಡನ್ನು ಹೋಲಿಸುವುದಕ್ಕೆ ಅರ್ಥವೇ ಇಲ್ಲ. ಆಯ್ಕೆ ಸಮಿತಿಗಳು ಹೋಲಿಸುತ್ತಲೇ ಇವೆ.

ನಿಧಾನದ ವಿಷಯಗಳ ಬಗ್ಗೆ ನನಗೆ ಹೆಚ್ಚು ಕಾಳಜಿ. ಬಿ.ಎಲ್. ರೈಸ್ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1904ರಲ್ಲಿ ತಂದರು, ಕೋಲಾರದ್ದನ್ನು 1905ರಲ್ಲಿ. ಈಗಿನ ಚಿಕ್ಕಬಳ್ಳಾಪುರ ಆಗ ಕೋಲಾರದೊಳಗೇ ಇತ್ತು. ಇವತ್ತಿಗೂ ಈ ಕಡೆಯ ಇತಿಹಾಸ ಬರೆಯುವವರು ಆ ಸಂಪುಟಗಳನ್ನು ತೆರೆಯದೆ ಒಂದು ಹೆಜ್ಜೆ ಇಡುವುದಿಲ್ಲ. ಎರಡು ವರ್ಷದ ಲೆಕ್ಕದಲ್ಲಿ ಇಂಥ ಕೆಲಸಕ್ಕೆ ಜಾಗವೇ ಇಲ್ಲ. ಕನ್ನಡದಲ್ಲಿ ಬರೆಯುವವರ ಪಾಡಂತೂ ಇನ್ನೂ ಕಷ್ಟ. 'ಪ್ರಬುದ್ಧ ಕರ್ಣಾಟಕ' 1919ರಿಂದ ಬಂದ ಪತ್ರಿಕೆ. ಅದರಲ್ಲಿ ಬಂದ ಲೇಖನವನ್ನು ಇಂಪ್ಯಾಕ್ಟ್ ಫ್ಯಾಕ್ಟರ್ ಹಿಡಿದು ಅಳೆಯುವುದು ಹೇಗೆ?

ವಿಜ್ಞಾನದಲ್ಲೂ ಇದೇ ಕಥೆ. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟು ತೊಂದರೆ ಕೊಟ್ಟಿದೆ ಅಂತ ನಮಗೆಲ್ಲ ಗೊತ್ತು. ಯಾವ ಹಳ್ಳಿಯ ಯಾವ ಬಾವಿಯಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಿದೆ ಅಂತ ಒಬ್ಬರು ಅಳೆದು ಬರೆದರೆ, ಅದನ್ನು ಕುಡಿಯುವ ನೀರಿನ ಇಂಜಿನಿಯರ್ ಓದಿ ಆ ಊರಿಗೆ ಶುದ್ಧೀಕರಣ ಘಟಕ ಹಾಕಿಸಬಹುದು. ಆ ಇಂಜಿನಿಯರ್ ಪೇಪರ್ ಬರೆಯುವುದಿಲ್ಲ. ಹಾಗಾಗಿ ಒಂದು ಸೈಟೇಷನ್ನೂ ಸೇರುವುದಿಲ್ಲ. ಊರಿಗೆ ನೀರು ಬಂದರೂ ಲೆಕ್ಕದಲ್ಲಿ ಸೊನ್ನೆ.

ಬೇರೆ ಅಳತೆಗಳೂ ಇವೆ. ಸ್ಕೋಪಸ್ ಅಂದರೆ ಜರ್ನಲ್‌ಗಳ ಸೈಟೇಷನ್ ದಾಖಲಿಸುವ ಇನ್ನೊಂದು ದತ್ತಾಂಶ ಕೋಶ. ಸ್ಕೋಪಸ್‌ನ ಸೈಟ್‌ಸ್ಕೋರ್ ನಾಲ್ಕು ವರ್ಷ ನೋಡುತ್ತದೆ. ಎಸ್‌ಜೆಆರ್ ಉಲ್ಲೇಖಿಸಿದ ಜರ್ನಲ್ ಎಂಥದ್ದು ಅನ್ನುವುದಕ್ಕೂ ತೂಕ ಕೊಡುತ್ತದೆ. ಕ್ಯೂ1 ಅಂದರೆ ಆ ವಿಷಯದ ಮೊದಲ ಕಾಲು ಭಾಗ. ಒಂದೇ ಜರ್ನಲ್ ಒಂದು ವಿಷಯದಲ್ಲಿ ಕ್ಯೂ1, ಇನ್ನೊಂದರಲ್ಲಿ ಕ್ಯೂ2 ಆಗಿರಬಹುದು. ಆದ್ದರಿಂದ ಯಾವ ವಿಷಯದಲ್ಲಿ ಅಂತ ಕೇಳದೆ ಕ್ಯೂ1 ಅನ್ನುವ ಮಾತಿಗೆ ಬೆಲೆ ಇಲ್ಲ. ಇವೆಲ್ಲ ಜರ್ನಲ್‌ನ ಅಳತೆಗಳೇ. ಎಚ್-ಇಂಡೆಕ್ಸ್ ಮಾತ್ರ ಮೂಲತಃ ವ್ಯಕ್ತಿಯದು: ಒಬ್ಬರ ಹತ್ತು ಪೇಪರ್‌ಗಳಿಗೆ ತಲಾ ಹತ್ತಾದರೂ ಸೈಟೇಷನ್ ಬಂದಿದ್ದರೆ ಅವರದು ಕನಿಷ್ಠ 10. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಮಾಡಿದ್ದು.

ಸಂಖ್ಯೆಗೆ ಬೆಲೆ ಬಂದಮೇಲೆ ಅದನ್ನು ಉಬ್ಬಿಸುವವರೂ ಬಂದರು. ಕೆಲವು ಸಂಪಾದಕರು 'ನಮ್ಮ ಜರ್ನಲ್‌ನ ನಾಲ್ಕು ಲೇಖನ ಸೇರಿಸಿ, ಆಮೇಲೆ ನೋಡೋಣ' ಅನ್ನುತ್ತಾರೆ. ಈಗ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹಾಕಿ ಪ್ರಕಟಿಸುವ ಕ್ಲಾರಿವೇಟ್ ಸಂಸ್ಥೆ ಇಂಥವನ್ನು ಹಿಡಿದು ಪ್ರತಿವರ್ಷ ಕೆಲವು ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ತಡೆಹಿಡಿಯುತ್ತದೆ. ಆದರೆ ಆ ಜರಡಿಯೂ ಕುರುಡಾಗಬಹುದು. 2020ರಲ್ಲಿ 'ಜೂಟ್ಯಾಕ್ಸಾ' ಜರ್ನಲ್‌ಗೆ ಸ್ವಂತ ಉಲ್ಲೇಖ ಜಾಸ್ತಿ ಅಂತ ತಡೆ ಬಿತ್ತು. ಹೊಸ ಜೀವಿಗಳನ್ನು ಗುರುತಿಸಿ ಹೆಸರಿಡುವ ಕೆಲಸ ಜಗತ್ತಿನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುವುದೇ ಆ ಜರ್ನಲ್‌ನಲ್ಲಿ. ಅದನ್ನು ಬಿಟ್ಟು ಯಾವುದನ್ನು ಉಲ್ಲೇಖಿಸಬೇಕು? ವಿಜ್ಞಾನಿಗಳು ಪ್ರತಿಭಟಿಸಿದಮೇಲೆ ತಡೆ ತೆಗೆದರು.

ನಮ್ಮ ಮೇಷ್ಟ್ರುಗಳ ಜೇಬಿಗೆ ನೇರವಾಗಿ ಕೈ ಹಾಕುವುದು ನಕಲಿ ಇಂಪ್ಯಾಕ್ಟ್ ಫ್ಯಾಕ್ಟರ್. 'ಮಾನ್ಯ ಪ್ರೊಫೆಸರ್, ಮೂರು ದಿನದಲ್ಲಿ ಪ್ರಕಟಣೆ, ಇಂಪ್ಯಾಕ್ಟ್ ಫ್ಯಾಕ್ಟರ್ 7.8' ಅಂತ ಮೇಲ್ ಬರುತ್ತದೆ. ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನುವ ಹೆಸರಿಗೆ 'ಗ್ಲೋಬಲ್', 'ಸೈಂಟಿಫಿಕ್' ಅಂತ ಏನೋ ಒಂದು ಪದ ಅಂಟಿರುತ್ತದೆ. ದುಡ್ಡು ಕೊಟ್ಟರೆ ಇಂಥ ಸಂಖ್ಯೆ ಕೊಡುವವರಿದ್ದಾರೆ. ಕ್ಲಾರಿವೇಟ್ ಹೊಸ ಪಟ್ಟಿ ಬಿಡುವುದು ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ, ಅದೂ ಹಿಂದಿನ ವರ್ಷದ್ದು. ಈ ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರ್ ಜನವರಿಯಲ್ಲೇ ಬಂದಿದೆ ಅಂದರೆ ಅದು ಸುಳ್ಳು. 2023ರಿಂದ ಅವರು ಒಂದೇ ದಶಮಾಂಶ ಕೊಡುತ್ತಿದ್ದಾರೆ. ಈಗಿನ ಸಂಖ್ಯೆ ಅಂತ 7.834 ತೋರಿಸಿದರೆ ಅನುಮಾನ ಪಡಿ. ನಿನ್ನೆ ಮೊನ್ನೆ ಶುರುವಾದ ಜರ್ನಲ್‌ಗೆ ಎರಡು ವರ್ಷದ ಲೆಕ್ಕ ಎಲ್ಲಿಂದ ಬಂತು ಅಂತ ಕೇಳಿ. ಸ್ಕೋಪಸ್‌ನ ಜರ್ನಲ್ ಪಟ್ಟಿ, ಕ್ಲಾರಿವೇಟ್‌ನದೇ ಆದ ವೆಬ್ ಆಫ್ ಸೈನ್ಸ್‌ನ ಮಾಸ್ಟರ್ ಜರ್ನಲ್ ಲಿಸ್ಟ್ ಎರಡನ್ನೂ ಉಚಿತವಾಗಿ ನೋಡಬಹುದು. ಹೆಸರಿನಿಂದ ಹುಡುಕಬೇಡಿ, ಪ್ರತಿ ಜರ್ನಲ್‌ಗೂ ಇರುವ ಗುರುತಿನ ಐಎಸ್‌ಎಸ್‌ಎನ್ ಸಂಖ್ಯೆಯಿಂದ ಹುಡುಕಿ. ಸಿಕ್ಕರೂ ಅಲ್ಲಿಗೇ ನಿಲ್ಲಿಸಬೇಡಿ. ಒಳ್ಳೆಯ ಜರ್ನಲ್‌ನ ಹೆಸರು, ಸಂಖ್ಯೆ ಎರಡನ್ನೂ ಕದ್ದು ತದ್ರೂಪಿ ವೆಬ್‌ಸೈಟ್ ಮಾಡುವವರಿದ್ದಾರೆ. ಪ್ರಕಾಶಕರ ಹೆಸರು, ವಿಳಾಸ ಹೋಲಿಸಿ ನೋಡಿ.

ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿಯಾದ ಕೇರ್ ಲಿಸ್ಟ್ ಹೋಯಿತಲ್ಲ, ಈಗ ಏನು ಮಾಡೋದು ಅಂತ ತುಂಬಾ ಜನ ಕೇಳುತ್ತಾರೆ. ಯುಜಿಸಿ 2018ರ ಮೇನಲ್ಲಿ ತನ್ನ ಹಳೆಯ ಪಟ್ಟಿಯಿಂದ 4,305 ಜರ್ನಲ್ ತೆಗೆಯಿತು, 2019ರಲ್ಲಿ ಕೇರ್ ಪಟ್ಟಿ ತಂದಿತು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸುವುದಾಗಿ ಹೇಳಿತು. ಈಗ ಜವಾಬ್ದಾರಿ ಆಯಾ ಸಂಸ್ಥೆಯದು. ಇದು ಒಳ್ಳೆಯ ಅವಕಾಶ ಅಂತ ನನ್ನ ಅಭಿಪ್ರಾಯ. ಸಮಿತಿಯವರು ಪೇಪರನ್ನೇ ತೆರೆದು ಓದಲಿ. ಜರ್ನಲ್‌ನ ಸಂಖ್ಯೆಯನ್ನು ಒಬ್ಬ ಸಂಶೋಧಕರ ಯೋಗ್ಯತೆಯ ಬದಲಿಗೆ ಇಡಬೇಡಿ ಅಂತ 2013ರಲ್ಲೇ ಸಂಶೋಧನೆಯ ಮೌಲ್ಯಮಾಪನ ಕುರಿತ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಹೇಳಿದೆ.

ಹೊಸದಾಗಿ ಬರೆಯುವವರಿಗೆ ನಾನು ಹೇಳುವ ಕೆಲಸ ಒಂದಿದೆ. ನಿಮ್ಮ ಪೇಪರಿನ ರೆಫರೆನ್ಸ್ ಪಟ್ಟಿ ತೆಗೆಯಿರಿ. ಯಾವ ಜರ್ನಲ್ ಹೆಚ್ಚು ಸಲ ಬಂದಿದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ನೀವು ಯಾರನ್ನು ಓದಿ ಕಲಿತಿರೋ ಅವರೆಲ್ಲ ಅಲ್ಲೇ ಇದ್ದಾರೆ, ನಿಮ್ಮನ್ನು ಓದುವವರೂ ಅಲ್ಲೇ ಸಿಗುತ್ತಾರೆ. ಅಂಥ ಮೂರ್ನಾಲ್ಕು ಜರ್ನಲ್‌ಗಳ ಇತ್ತೀಚಿನ ಸಂಚಿಕೆ ಓದಿ. ಸರ್ಕಾರಿ ಸಂಸ್ಥೆಯಲ್ಲಿದ್ದರೆ 2025ರ ಜನವರಿಯಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳಿವೆ. ಲಾಗಿನ್ ಹೇಗೆ ಅಂತ ನಿಮ್ಮ ಲೈಬ್ರರಿಯನ್‌ರನ್ನು ಕೇಳಿ. ದುಡ್ಡು ಕಟ್ಟುವ ಮೊದಲೇ ಕೇಳಿ, ಕಟ್ಟಿದ ಮೇಲಲ್ಲ.